ಸೂಜಿ ಎಲ್ಲಿ ಚುಚ್ಚಿದರೂ ನೋವು ಇಳಿಯುತ್ತದಾ?

ಸೊಂಟ ನೋವಿನವರೊಬ್ಬರು ಬೋರಲು ಮಲಗಿದ್ದಾರೆ. ಬೆನ್ನ ಮೇಲೆ ಬಟ್ಟೆ ಇಲ್ಲ. ಚಿಕಿತ್ಸೆ ಕೊಡುವವರು ಬೆನ್ನುಮೂಳೆಯ ಪಕ್ಕ ಬೆರಳಿನಿಂದ ತಡವುತ್ತಾ ಒಂದು ಜಾಗ ಹುಡುಕುತ್ತಾರೆ. ಅಲ್ಲಿ ಸಣ್ಣದೊಂದು ಪ್ಲಾಸ್ಟಿಕ್ ಕೊಳವೆ ಇಟ್ಟು ಅದರ ತಲೆಯ ಮೇಲೆ ಟಕ್ಕೆಂದು ತಟ್ಟುತ್ತಾರೆ. ಚುರ್ ಅನ್ನುತ್ತದೆ. ಸ್ವಲ್ಪ ತಿರುಗಿಸಿ, ಕೊಳವೆ ತೆಗೆದು, ಮುಂದಿನ ಜಾಗಕ್ಕೆ ಹೋಗುತ್ತಾರೆ. ಮಲಗಿದವರಿಗೆ ತಮ್ಮ ಬೆನ್ನು ಕಾಣುವುದಿಲ್ಲವಲ್ಲ, ಅವರ ಲೆಕ್ಕದಲ್ಲಿ ಬೆನ್ನ ತುಂಬಾ ಸೂಜಿಗಳು ನಿಂತಿವೆ. ಹತ್ತು ನಿಮಿಷಕ್ಕೆ ಒಮ್ಮೆ ಬಂದು ಮತ್ತೆ ತಿರುಗಿಸಿದ ಹಾಗೆ ಮಾಡುತ್ತಾರೆ. ಇಪ್ಪತ್ತು ನಿಮಿಷ ಆದ ಮೇಲೆ ಚರ್ಮ ಎಳೆದು ಹಿಡಿದು, ಹತ್ತಿ ಒತ್ತಿ, ಒಂದೊಂದನ್ನೇ ಸರಕ್ಕನೆ ಕೀಳುತ್ತಾರೆ.

ಆ ಬೆನ್ನಿಗೆ ಒಂದು ಸೂಜಿಯೂ ಇಳಿದಿರಲಿಲ್ಲ. ಕೊಳವೆಯೊಳಗೆ ಇದ್ದದ್ದು ಟೂತ್‌ಪಿಕ್.

ಇದು ಯಾರೋ ಮಾಡಿದ ಮೋಸವಲ್ಲ. ಅಕ್ಯುಪಂಕ್ಚರ್, ಅಂದರೆ ಮೈಯ ಗೊತ್ತುಪಡಿಸಿದ ಬಿಂದುಗಳಲ್ಲಿ ಸಣ್ಣ ಸೂಜಿ ಚುಚ್ಚುವ ಚೀನಾದ ಚಿಕಿತ್ಸೆ, ನಿಜಕ್ಕೂ ನೋವು ಇಳಿಸುತ್ತದಾ ಅಂತ ನೋಡಲು ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಬಹಳ ದಿನಗಳಿಂದ ಸೊಂಟ ನೋವಿದ್ದ 638 ಜನರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಒಬ್ಬೊಬ್ಬರನ್ನೂ ಪರೀಕ್ಷಿಸಿ, ಅವರವರಿಗೆ ಹೊಂದುವ ಬಿಂದುಗಳಲ್ಲಿ ಸೂಜಿ. ಎರಡನೆಯದಕ್ಕೆ ಎಲ್ಲರಿಗೂ ಒಂದೇ ಪಟ್ಟಿಯ ಬಿಂದುಗಳಲ್ಲಿ ಸೂಜಿ. ಮೂರನೆಯದಕ್ಕೆ ಟೂತ್‌ಪಿಕ್. ನಾಲ್ಕನೆಯವರಿಗೆ ಮೊದಲಿನಿಂದ ನಡೆದುಬಂದ ಮಾಮೂಲಿ ಚಿಕಿತ್ಸೆ ಮಾತ್ರ. ಏಳು ವಾರದಲ್ಲಿ ಹತ್ತು ಸಲ ಹೀಗೆ ಮಾಡಿ, ಎಂಟನೇ ವಾರ ಲೆಕ್ಕ ಹಾಕಿದರು. ಸೂಜಿಯವರಲ್ಲೂ ಟೂತ್‌ಪಿಕ್‌ನವರಲ್ಲೂ ಸುಮಾರು 60% ಜನರಿಗೆ ಏಳುವುದು, ಬಗ್ಗುವುದು, ನಡೆಯುವುದು ಎದ್ದು ಕಾಣುವಷ್ಟು ಸುಲಭವಾಗಿತ್ತು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 39% ಜನರಿಗೆ ಮಾತ್ರ.

ಇದನ್ನು ಓದಿದವರು ಎರಡು ಪಕ್ಷವಾದರು. 'ನೋಡಿ, ಟೂತ್‌ಪಿಕ್‌ಗೂ ಸೂಜಿಗೂ ವ್ಯತ್ಯಾಸವೇ ಇಲ್ಲ, ಅಂದಮೇಲೆ ಅಕ್ಯುಪಂಕ್ಚರ್ ಸುಳ್ಳು' ಅಂದರು ಕೆಲವರು. 'ನೋಡಿ, ಮಾಮೂಲಿ ಚಿಕಿತ್ಸೆಗಿಂತ ಎಷ್ಟು ಜಾಸ್ತಿ ಜನಕ್ಕೆ ಗುಣ ಸಿಕ್ಕಿದೆ' ಅಂದರು ಇನ್ನು ಕೆಲವರು. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಕೋಷ್ಟಕ. ನನ್ನ ಪ್ರಕಾರ ಇಬ್ಬರದೂ ಸರಿ. ಆದರೆ ಇಬ್ಬರೂ ಕೇಳುತ್ತಿರುವ ಪ್ರಶ್ನೆ ಬೇರೆ ಬೇರೆ. 'ಯಾವುದಕ್ಕೆ ಹೋಲಿಸಿದರೆ?' ಎಂದು ಕೇಳದೆ ಈ ವಿಷಯದಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗಲಾಗುವುದಿಲ್ಲ.

ಇದೊಂದೇ ಪ್ರಯೋಗವಾಗಿದ್ದರೆ ಬದಿಗಿಡಬಹುದಿತ್ತು. ಎರಡು ವರ್ಷ ಮೊದಲು, 2007ರಲ್ಲಿ, ಜರ್ಮನಿಯವರು 1,162 ಸೊಂಟ ನೋವಿನವರ ಮೇಲೆ ಇಂಥದ್ದೇ ಪರೀಕ್ಷೆ ಮಾಡಿದ್ದರು. ಅಲ್ಲಿ ನಕಲಿ ಗುಂಪಿಗೂ ಸೂಜಿಯನ್ನೇ ಹಾಕಿದರು. ಆದರೆ ಬಿಂದು ಅಲ್ಲದ ಜಾಗದಲ್ಲಿ, ಮೇಲೆಮೇಲೆ. ಆರು ತಿಂಗಳ ನಂತರ ನೋಡಿದರೆ ಅಸಲಿ ಸೂಜಿಯಿಂದ 47.6%, ನಕಲಿಯಿಂದ 44.2%, ಔಷಧಿ, ವ್ಯಾಯಾಮ, ಫಿಸಿಯೊಥೆರಪಿಯ ಮಾಮೂಲಿ ದಾರಿಯಲ್ಲಿ 27.4% ಜನರಿಗೆ ಗುಣ ಕಂಡಿತ್ತು. ಅಂದರೆ ಸೂಜಿ ಎಲ್ಲಿ ಚುಚ್ಚಿದರು ಅನ್ನುವುದು ದೊಡ್ಡ ವಿಷಯವಾಗಲೇ ಇಲ್ಲ. ಎರಡು ಸಾವಿರ ವರ್ಷದಿಂದ ಚೀನಾದ ವೈದ್ಯರು ಬರೆದಿಟ್ಟ ನಾಡಿಮಾರ್ಗಗಳ ನಕ್ಷೆ, 'ಚೀ' ಎಂಬ ಶಕ್ತಿಯ ಹರಿವು, ನೂರಾರು ಬಿಂದುಗಳ ಹೆಸರು, ಇಷ್ಟೆಲ್ಲ ಕಲಿಯಲು ವರ್ಷಗಟ್ಟಲೆ ಕಷ್ಟಪಟ್ಟವರಿಗೆ ಇದು ನುಂಗಲಾರದ ತುತ್ತು.

ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ಹಾಕಿದರೆ ಚಿತ್ರ ಇನ್ನೂ ಸ್ಪಷ್ಟ. 2012ರಲ್ಲಿ 29 ಪ್ರಯೋಗಗಳ ಸುಮಾರು 18,000 ರೋಗಿಗಳ ಮಾಹಿತಿಯನ್ನು ಒಬ್ಬೊಬ್ಬರದಾಗಿ ಸೇರಿಸಿ ಲೆಕ್ಕ ಹಾಕಿದರು. ಬೆನ್ನು, ಕತ್ತು, ಭುಜ, ಮೊಣಕಾಲು, ತಲೆನೋವು ಎಲ್ಲ ಅದರಲ್ಲಿತ್ತು. ಅರ್ಥವಾಗಲೆಂದು ಅವರೇ ಕೊಟ್ಟ ಉದಾಹರಣೆ ಹೀಗಿದೆ. ನೂರಕ್ಕೆ 60ರಷ್ಟು ನೋವಿದೆ ಅಂತಿಟ್ಟುಕೊಳ್ಳಿ. ಸೂಜಿ ಇಲ್ಲದೆ ಇದ್ದರೆ ಅದು 43ಕ್ಕೆ ಇಳಿಯುತ್ತದೆ. ನಕಲಿ ಸೂಜಿಯಿಂದ 35ಕ್ಕೆ, ಅಸಲಿಯಿಂದ 30ಕ್ಕೆ.

ಈ ನಾಲ್ಕು ಅಂಕಿಗಳನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತರೆ ಸಾಕು, ಮುಕ್ಕಾಲು ಜಗಳ ಮುಗಿಯುತ್ತದೆ. 60ರಿಂದ 43ಕ್ಕೆ ಬಂದದ್ದು ಯಾರ ಸೂಜಿಯಿಂದಲೂ ಅಲ್ಲ. ನೋವು ಏರಿಳಿಯುತ್ತದೆ. ನಾವು ಚಿಕಿತ್ಸೆಗೆ ಓಡುವುದು ಅದು ತೀರಾ ಏರಿದ ದಿನ. ಏರಿದ್ದು ಇಳಿಯಲೇಬೇಕಲ್ವಾ? ಇಳಿಯುವ ಹೊತ್ತಿಗೆ ಯಾರ ಮಂಚದ ಮೇಲೆ ಮಲಗಿದ್ದೆವೋ ಅವರಿಗೆ ಹೆಸರು ಬರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಹಾಗೆ. ಮುಂದೆ 43ರಿಂದ 35ಕ್ಕೆ ಇಳಿದದ್ದು ಆರೈಕೆ, ಸ್ಪರ್ಶ, ನಂಬಿಕೆ, ಮಲಗಿದ ಹೊತ್ತಿನ ವಿಶ್ರಾಂತಿ, ಎಲ್ಲದರ ಫಲ. ಕೊನೆಯ 5 ಮಾತ್ರ ಸೂಜಿ, ಬಿಂದು, ಆಳ ಇವುಗಳ ಪಾಲು. ಅದು ಸೊನ್ನೆಯಲ್ಲ. ಆದರೆ ಬೋರ್ಡಿನ ಮೇಲೆ ಬರೆದುಕೊಳ್ಳುವಷ್ಟು ದೊಡ್ಡದೂ ಅಲ್ಲ. 2018ರಲ್ಲಿ 39 ಪ್ರಯೋಗ, 20,827 ಜನರ ಲೆಕ್ಕ ಹಾಕಿದಾಗಲೂ ಹೆಚ್ಚು ಕಡಿಮೆ ಇದೇ ಉತ್ತರ ಬಂತು. ಸಿಕ್ಕ ಉಪಶಮನದ ಬಹುಪಾಲು ಒಂದು ವರ್ಷದವರೆಗೂ ಉಳಿಯುತ್ತದೆ ಅನ್ನುವುದು ಅದರಲ್ಲಿ ಕಂಡ ಒಳ್ಳೆಯ ಸುದ್ದಿ.

ಇಲ್ಲೊಂದು ತೊಡಕಿದೆ. ಮಾತ್ರೆಗಾದರೆ ಸಕ್ಕರೆ ಗುಳಿಗೆ ಮಾಡಬಹುದು, ಸೂಜಿಗೆ ನಕಲಿ ಮಾಡುವುದು ಹೇಗೆ? 1998ರಲ್ಲಿ ಜರ್ಮನಿಯ ಸಂಶೋಧಕರು ಒಂದು ಉಪಾಯ ಮಾಡಿದರು. ನಾಟಕದ ಕಂಪನಿಯ ಚೂರಿ ನೋಡಿದ್ದೀರಲ್ಲ, ಇರಿದರೆ ಅಲಗು ಹಿಡಿಯೊಳಕ್ಕೆ ಹೋಗುತ್ತದೆ. ಅದೇ ರೀತಿಯ ಸೂಜಿ. ತುದಿ ಮೊಂಡು, ಒತ್ತಿದರೆ ಒಳಕ್ಕೆ ಜಾರುತ್ತದೆ, ಚುಚ್ಚಿಸಿಕೊಂಡವರಿಗೆ ಚುಚ್ಚಿದ ಹಾಗೇ ಅನ್ನಿಸುತ್ತದೆ. ಆದರೆ ಅದೂ ಚರ್ಮವನ್ನು ಮುಟ್ಟುತ್ತದೆ, ಒತ್ತುತ್ತದೆ. ಮುಟ್ಟುವುದೇ ಒಂದು ಔಷಧಿಯಾಗಿದ್ದರೆ? ಆಗ 'ನಕಲಿ' ಅಂತ ಕರೆದದ್ದರಲ್ಲೂ ಅರ್ಧ ಅಸಲಿ ಸೇರಿಕೊಂಡ ಹಾಗಾಯಿತು. ಜೊತೆಗೆ, ಚುಚ್ಚುವವರಿಗೆ ತಾವು ಯಾವುದನ್ನು ಹಿಡಿದಿದ್ದೇವೆ ಅಂತ ಸಾಮಾನ್ಯವಾಗಿ ಗೊತ್ತಿರುತ್ತದೆ. ಅದು ಅವರ ಮುಖದಲ್ಲಿ, ದನಿಯಲ್ಲಿ ಸೋರುವುದಿಲ್ಲ ಅಂತ ಹೇಗೆ ಹೇಳುವುದು?

ಮುಟ್ಟಿದರೆ ನೋವು ಇಳಿಯುವುದಕ್ಕೆ ಕಾರಣವೂ ಇದೆ. ಮೊಣಕೈ ಬಾಗಿಲಿಗೆ ಬಡಿದರೆ ನಾವು ಮೊದಲು ಏನು ಮಾಡುತ್ತೇವೆ? ಉಜ್ಜುತ್ತೇವೆ. ಯಾರೂ ಕಲಿಸಿದ್ದಲ್ಲ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ನೋವಿನ ಸುದ್ದಿ ಬೆನ್ನುಹುರಿಯಲ್ಲಿ ಒಂದು ಬಾಗಿಲು ದಾಟಿ ಮಿದುಳಿಗೆ ಹೋಗಬೇಕು. ಸ್ಪರ್ಶದ, ಒತ್ತಡದ ಸುದ್ದಿ ಬಂದರೆ ಆ ಬಾಗಿಲು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಅವರ ನಕ್ಷೆಯ ವಿವರಗಳು ಆಮೇಲೆ ಬದಲಾಗಿವೆ. ಆದರೆ ನೋವು ಅಂದರೆ ಗಾಯದಿಂದ ಮಿದುಳಿಗೆ ನೆಟ್ಟಗೆ ಎಳೆದ ತಂತಿಯಲ್ಲ ಅನ್ನುವ ಮೂಲ ಮಾತು ನಿಂತಿದೆ.

ಬಾಗಿಲನ್ನು ಮೇಲಿನಿಂದಲೂ ಮುಚ್ಚಬಹುದು. ಮಿದುಳು ತನ್ನದೇ ಎಂಡಾರ್ಫಿನ್‌ಗಳನ್ನು ತಯಾರಿಸುತ್ತದೆ. ಅವು ಮಾರ್ಫಿನ್ ಜಾತಿಯವು. 1978ರಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ಒಂದು ಪ್ರಯೋಗವಾಯಿತು. ಔಷಧಿಯೇ ಇಲ್ಲದ ಇಂಜೆಕ್ಷನ್‌ನಿಂದ ನೋವು ಇಳಿದವರಿಗೆ ನಲಾಕ್ಸೋನ್ ಕೊಟ್ಟರು. ಇದು ಮಾರ್ಫಿನ್‌ನ ಕೆಲಸವನ್ನು ತಡೆಯುವ ಮದ್ದು. ಕೊಟ್ಟ ಮೇಲೆ ಅವರ ನೋವು ಮತ್ತೆ ಏರಿತು. ಅಂದರೆ ಮೊದಲು ಇಳಿದದ್ದು ಭ್ರಮೆಯಾಗಿರಲಿಲ್ಲ, ದೇಹದೊಳಗೆ ನಿಜವಾಗಿಯೂ ಏನೋ ಸ್ರವಿಸಿತ್ತು. 'ಎಲ್ಲ ಮನಸ್ಸಿನ ಆಟ' ಅಂತ ನೋವಿನವರನ್ನು ಸುಮ್ನೆ ತಳ್ಳಿಹಾಕುವವರು ಇದನ್ನು ಓದಬೇಕು.

ಆರೈಕೆಯ ಪಾಲು ಎಷ್ಟು ಅನ್ನುವುದನ್ನು ಅಳೆದವರೂ ಇದ್ದಾರೆ. 2008ರಲ್ಲಿ ಟೆಡ್ ಕ್ಯಾಪ್‌ಚುಕ್ ಎಂಬ ಸಂಶೋಧಕರು ಮತ್ತು ಅವರ ಜೊತೆಯವರು ಪದೇ ಪದೇ ಹೊಟ್ಟೆ ನೋವು, ಭೇದಿ ಅಥವಾ ಮಲಬದ್ಧತೆ ಕಾಡುವ ಐಬಿಎಸ್ ಎಂಬ ತೊಂದರೆಗೆ ಒಂದು ಪ್ರಯೋಗ ಮಾಡಿದರು. 262 ಜನ, ಯಾರಿಗೂ ಅಸಲಿ ಸೂಜಿ ಇಲ್ಲ. ಒಂದು ಗುಂಪು ಸುಮ್ಮನೆ ಕಾಯಿತು. ಇನ್ನೊಂದಕ್ಕೆ ಮಾತಿಲ್ಲದೆ ನಕಲಿ ಸೂಜಿ. ಮೂರನೆಯದಕ್ಕೆ ಅದೇ ನಕಲಿ ಸೂಜಿ, ಜೊತೆಗೆ ಮೊದಲ ದಿನ 45 ನಿಮಿಷ ಕೂತು ಮಾತು. ಕೈ ಅಥವಾ ಭುಜ ಮುಟ್ಟಬೇಕು, ನಾಡಿ ಹಿಡಿದು ಇಪ್ಪತ್ತು ಸೆಕೆಂಡು ಯೋಚಿಸುವವರ ಹಾಗೆ ಮೌನವಾಗಿರಬೇಕು ಅಂತ ಕೂಡ ಬರೆದಿಟ್ಟಿದ್ದರು! ಮೂರು ವಾರಕ್ಕೆ, ತಕ್ಕಮಟ್ಟಿಗೆ ಆರಾಮ ಅಂದವರು ಕಾದವರಲ್ಲಿ 28%, ನಕಲಿ ಸೂಜಿಯಲ್ಲಿ 44%, ಮಾತಿನ ಗುಂಪಿನಲ್ಲಿ 62%. ಆ ಇಪ್ಪತ್ತು ಸೆಕೆಂಡಿನ ಮೌನ ನನ್ನ ತಲೆಯಿಂದ ಹೋಗುತ್ತಿಲ್ಲ. ಆಸ್ಪತ್ರೆಯಲ್ಲಿ ಎಷ್ಟೋ ಸಲ ನಮಗೆ ಸಿಗದೆ ಇರುವುದು ಅದೇ ಅಲ್ವಾ?

ಇಷ್ಟು ತಿಳಿದ ಮೇಲೂ ನಾನು ಕತ್ತು ನೋವಿಗೆ ಸೂಜಿ ಚುಚ್ಚಿಸಿಕೊಂಡಿದ್ದೇನೆ. ಕೂದಲೆಳೆಯ ಹಾಗಿರುವ ಸೂಜಿ ಒಳಗೆ ಹೋಗುವುದು ಗೊತ್ತೇ ಆಗುವುದಿಲ್ಲ. ಆಮೇಲೆ ಅದನ್ನು ತಿರುಗಿಸಿದಾಗ ಆಳದಲ್ಲಿ ಒಂದು ಭಾರ, ಜೋಮು ಹಿಡಿದ ಹಾಗೆ. ಚೀನಾದವರು ಅದಕ್ಕೆ 'ದ-ಚೀ' ಅನ್ನುತ್ತಾರೆ, ಚೀ ಬಂತು ಅಂತ. ನನಗೆ ಚೀ ಬಂತೋ ಇಲ್ಲವೋ, ನಿದ್ದೆ ಬಂತು. ಆ ಕಥೆಗೆ ಆಮೇಲೆ ಬರುತ್ತೇನೆ.

ಅಕ್ಯುಪಂಕ್ಚರ್ ಹೊರದೇಶಗಳಲ್ಲಿ ಮನೆಮಾತಾದ ಬಗೆಯೂ ಸ್ವಾರಸ್ಯದ್ದು. 1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿದ್ದಾಗ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಮೇಲೆ ಹೊಟ್ಟೆಯುಬ್ಬರಕ್ಕೆ ಸೂಜಿ ಚುಚ್ಚಿದರು, ಅವರು ಅದನ್ನು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುತ್ತಾ ಅದು 'ಅರಿವಳಿಕೆ ಇಲ್ಲದೆ ಸೂಜಿಯಿಂದಲೇ ಆಪರೇಷನ್' ಆಯಿತು. ನಿಜಕ್ಕೂ ಆಪರೇಷನ್ ನಡೆದದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್ ಕೊಟ್ಟೇ. ಇನ್ನೊಂದು ವಿಷಯ: ಇದು ಚೀನಾದಲ್ಲಿ ಅಡೆತಡೆ ಇಲ್ಲದೆ ಹರಿದುಬಂದ ವಿದ್ಯೆಯೂ ಅಲ್ಲ. 1822ರಲ್ಲಿ ಅಲ್ಲಿನ ಚಕ್ರವರ್ತಿಯೇ ಅರಮನೆಯ ವೈದ್ಯಶಾಲೆಯಿಂದ ಅದನ್ನು ತೆಗೆಸಿದ್ದ.

ಬೇರೆ ಕೈ ಚಿಕಿತ್ಸೆಗಳ ಕಥೆಯೂ ಇದೇ ದಾರಿಯದು. ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ತಿರುಗಿಸುವ ಕೈರೋಪ್ರಾಕ್ಟಿಕ್ 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಶುರು ಮಾಡಿದ್ದು. ಬೆನ್ನುಮೂಳೆ ಜಾರಿ ನರ ಒತ್ತುವುದೇ ಹೆಚ್ಚಿನ ರೋಗಗಳಿಗೆ ಮೂಲ ಅಂತ ಅವರ ವಾದ. ಆ ವಾದ ನಿಲ್ಲಲಿಲ್ಲ. ಆದರೂ ಸೊಂಟ ನೋವಿಗೆ ಬೆನ್ನನ್ನು ಒತ್ತಿ ತಿರುಗಿಸಿದರೆ ಸ್ವಲ್ಪ ಆರಾಮ ಸಿಗುತ್ತದೆ, ಅದೂ ವ್ಯಾಯಾಮದಷ್ಟೇ ಹೆಚ್ಚು ಕಡಿಮೆ. ಲಟಕ್ ಅಂತ ನೆಟಿಗೆ ಮುರಿಯುವ ಶಬ್ದ ಮೂಳೆ ಜಾಗಕ್ಕೆ ಕೂತದ್ದಲ್ಲ, ಕೀಲಿನ ದ್ರವದಲ್ಲಿ ಗಾಳಿಗುಳ್ಳೆ ಆದದ್ದು. ಕೇಳಲು ಹಿತ, ಅಷ್ಟೇ. ಬಟ್ಟಲು ಕೂರಿಸಿ ಚರ್ಮವನ್ನು ಹೀರಿ ಎಳೆಯುವ ಕಪ್ಪಿಂಗ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕಲ್ ಫೆಲ್ಪ್ಸ್ ಬೆನ್ನಿನ ಕಪ್ಪು ಉಂಗುರಗಳಿಂದ ಪ್ರಸಿದ್ಧವಾಯಿತು. ಆ ಕಲೆಗಳು ಹೊರಬಂದ 'ವಿಷ' ಅಲ್ಲ, ಹೆಪ್ಪುಗಟ್ಟಿದ ರಕ್ತ. ಡ್ರೈ ನೀಡ್ಲಿಂಗ್ ಅಂದರೆ ಅದೇ ಸೂಜಿ, ಚೀ ಇಲ್ಲ, ಸ್ನಾಯುವಿನ ಗಂಟಿಗೆ ಚುಚ್ಚುವುದು. ಮಸಾಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೋವು ಕೆಲವು ದಿನಕ್ಕೆ ಇಳಿಯುತ್ತದೆ, ಮನಸ್ಸು ಹಗುರಾಗುತ್ತದೆ, ದೊಡ್ಡ ಸುಳ್ಳುಗಳನ್ನೂ ಹೇಳುವುದಿಲ್ಲ.

'ನಿಮ್ಮ ಮೂಳೆ ಜರುಗಿದೆ', 'ಡಿಸ್ಕ್ ಸವೆದಿದೆ, ಅದಕ್ಕೇ ನೋವು' ಅಂತ ಸ್ಕ್ಯಾನ್ ತೋರಿಸಿ ಹೆದರಿಸುವವರ ಬಗ್ಗೆ ಮಾತ್ರ ಎಚ್ಚರ ಬೇಕು. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ 2015ರಲ್ಲಿ ಲೆಕ್ಕ ಹಾಕಿದರು. ಇಪ್ಪತ್ತರ ವಯಸ್ಸಿನವರಲ್ಲೇ 37% ಜನರಿಗೆ, ಎಂಬತ್ತರವರಲ್ಲಿ 96% ಜನರಿಗೆ ಡಿಸ್ಕ್ ಸವೆದಿತ್ತು. ತಲೆಗೂದಲು ನರೆಯುವ ಹಾಗೆ ಅದೂ ಒಂದು.

ಈಗ ಮಾರ್ಗಸೂಚಿಗಳ ಗೊಂದಲ. ಯಾವ ರೋಗಕ್ಕೆ ಯಾವ ಚಿಕಿತ್ಸೆ ಕೊಡಬಹುದು ಅಂತ ವೈದ್ಯರಿಗೆ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲಿ ಸೊಂಟ ನೋವಿಗೆ ಅಕ್ಯುಪಂಕ್ಚರ್ ಕೊಡಬಹುದು ಅಂದಿತು. 2016ರಲ್ಲಿ ಬೇಡ ಅಂದಿತು. 2021ರಲ್ಲಿ, ಕಾರಣ ಗೊತ್ತಾಗದ ದೀರ್ಘಕಾಲದ ನೋವಿಗೆ ಒಂದು ಸುತ್ತು ಕೊಟ್ಟು ನೋಡಬಹುದು ಅಂದಿತು. ಅಮೆರಿಕದ ವೈದ್ಯರ ಸಂಘ 2017ರಲ್ಲಿ ಸೊಂಟ ನೋವಿಗೆ ಮೊದಲು ಮಾತ್ರೆಯಲ್ಲದ ದಾರಿ ಹಿಡಿಯಿರಿ ಅಂದು ಶಾಖ, ಮಸಾಜ್, ಅಕ್ಯುಪಂಕ್ಚರ್ ಎಲ್ಲವನ್ನೂ ಪಟ್ಟಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ವ್ಯಾಯಾಮ, ಮಸಾಜ್, ಬೆನ್ನು ಒತ್ತುವಿಕೆ, ಸೂಜಿ ಇವನ್ನು ಪರಿಗಣಿಸಬಹುದು ಅಂದಿತು. ಸೊಂಟಪಟ್ಟಿ, ಎಳೆತದ ಚಿಕಿತ್ಸೆ, ಚರ್ಮದ ಮೂಲಕ ಸಣ್ಣಗೆ ವಿದ್ಯುತ್ ಹರಿಸುವ ಟೆನ್ಸ್ ಯಂತ್ರ, ಅಫೀಮು ಜಾತಿಯ ನೋವು ಮಾತ್ರೆ ಇವು ಬೇಡ ಅಂದಿತು.

ಒಬ್ಬರು ಹೌದು, ಒಬ್ಬರು ಇಲ್ಲ ಅನ್ನುವುದೇಕೆ? ಮತ್ತೆ ಅದೇ ಹೋಲಿಕೆಯ ಪ್ರಶ್ನೆ. 30 ಮತ್ತು 35ರ ನಡುವೆ ನೋಡಿದವರು ಬೇಡ ಅನ್ನುತ್ತಾರೆ, 30 ಮತ್ತು 43ರ ನಡುವೆ ನೋಡಿದವರು ಇರಲಿ ಅನ್ನುತ್ತಾರೆ. ಅದರ ಹಿಂದೆ ಇನ್ನೊಂದು ಒತ್ತಡವೂ ಇದೆ. ಅಮೆರಿಕದಲ್ಲಿ ಆ ಅಫೀಮು ಜಾತಿಯ ಮಾತ್ರೆಗಳು ಲಕ್ಷಾಂತರ ಜನರ ಪ್ರಾಣ ತೆಗೆದವು. ಅವು ಹೊಸದಾಗಿ ಬಂದ ಬೆನ್ನು, ಕತ್ತು ನೋವಿಗೆ ಖಾಲಿ ಮಾತ್ರೆಗಿಂತ ಮೇಲಲ್ಲ ಅಂತ 2023ರ ಆಸ್ಟ್ರೇಲಿಯಾದ ಒಂದು ಪ್ರಯೋಗ ತೋರಿಸಿತು. ಅಂಥ ಮಾತ್ರೆಯ ಪಕ್ಕದಲ್ಲಿ ಇಟ್ಟಾಗ ಸೂಜಿ ಸಾಧು ಪ್ರಾಣಿಯ ಹಾಗೆ ಕಾಣುತ್ತದೆ.

ಸಾಧುವೂ ಒದೆಯುತ್ತದೆ, ನೆನಪಿರಲಿ. ಬ್ರಿಟನ್ನಿನಲ್ಲಿ ತರಬೇತಿ ಪಡೆದವರ ಕೈಯಲ್ಲಿ ನಡೆದ ಸುಮಾರು 66,000 ಚಿಕಿತ್ಸೆಗಳನ್ನು 2001ರಲ್ಲಿ ನೋಡಿದಾಗ ಗಂಭೀರ ಅಪಾಯ ಒಂದೂ ಆಗಿರಲಿಲ್ಲ. ಆದರೆ ಅರೆಬರೆ ಕಲಿತವರು ಭುಜದ ಮೇಲೆ, ಎದೆಯ ಹತ್ತಿರ ಆಳಕ್ಕೆ ಚುಚ್ಚಿ ಶ್ವಾಸಕೋಶಕ್ಕೆ ತೂತಾದ ಪ್ರಕರಣಗಳಿವೆ. ಒಬ್ಬರ ಸೂಜಿ ಇನ್ನೊಬ್ಬರಿಗೆ ಹಾಕಿ ಹೆಪಟೈಟಿಸ್ ಹಬ್ಬಿದ್ದಿದೆ. ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಬಸುರಿಯರು ಮೊದಲೇ ಹೇಳಬೇಕು. ಕತ್ತನ್ನು ಹಿಡಿದು ಜೋರಾಗಿ ತಿರುಗಿಸಿ ಲಟಕ್ ಅನಿಸುವವರ ಹತ್ತಿರ ನಾನಂತೂ ಹೋಗುವುದಿಲ್ಲ. ಅಪರೂಪಕ್ಕಾದರೂ ಅದರಿಂದ ಕತ್ತಿನ ರಕ್ತನಾಳ ಹರಿದು ಸ್ಟ್ರೋಕ್ ಆದದ್ದಿದೆ.

ಕೆಲವು ನೋವಿಗೆ ಇದ್ಯಾವುದೂ ಬೇಡ, ನೇರ ಆಸ್ಪತ್ರೆಗೆ ಹೋಗಬೇಕು. ಸೊಂಟ ನೋವಿನ ಜೊತೆ ಮೂತ್ರ ಕಟ್ಟುವುದು, ತೊಡೆಸಂದಿ ಮರಗಟ್ಟುವುದು, ಕಾಲಿನ ಬಲ ಇಳಿಯುವುದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು. ಎದೆ ನೋವು, ಸಿಡಿಲು ಬಡಿದ ಹಾಗೆ ಏಕಾಏಕಿ ಬಂದ ತಲೆನೋವು. ಸೂಜಿಯಿಂದ ಸಾವು ಬರುವುದಕ್ಕಿಂತ, ಸೂಜಿ ಚುಚ್ಚಿಸಿಕೊಳ್ಳುತ್ತಾ ಹೊತ್ತು ಕಳೆದು ತೊಂದರೆ ಆಗುವುದೇ ಜಾಸ್ತಿ.

ಹಾಗಾದರೆ ಪ್ರಯತ್ನಿಸಬೇಕೋ ಬೇಡವೋ? ಮೂರು ತಿಂಗಳಿಗಿಂತ ಜಾಸ್ತಿ ದಿನದ ಬೆನ್ನು, ಕತ್ತು, ಮೊಣಕಾಲು ನೋವು, ಪದೇ ಪದೇ ಬರುವ ಮೈಗ್ರೇನ್, ಇವಕ್ಕೆ ಕೈಯಲ್ಲಿ ದುಡ್ಡೂ ಹೊತ್ತೂ ಇದ್ದರೆ ನೋಡಬಹುದು. ಆದರೆ ನಿಲ್ಲಿಸುವುದು ಯಾವಾಗ ಅಂತ ಶುರುವಿಗೇ ತೀರ್ಮಾನಿಸಿ. ಇದರಲ್ಲಿ ನನಗೆ ಇಷ್ಟವಾದದ್ದು ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2020ರಲ್ಲಿ ಮಾಡಿದ ನಿಯಮ. ಹಳೆಯ ಸೊಂಟ ನೋವಿಗೆ 90 ದಿನದಲ್ಲಿ 12 ಸಲ ಸೂಜಿ. ಗುಣ ಕಂಡರೆ ಇನ್ನೂ 8. ಕಾಣದಿದ್ದರೆ ಅಲ್ಲಿಗೆ ಬಂದ್. ವಿಮೆಯವರು ದುಡ್ಡಿನ ಲೆಕ್ಕಕ್ಕೆ ಮಾಡಿದ್ದು, ನಮಗೂ ಬುದ್ಧಿ ಹೇಳುತ್ತದೆ. ಮೊದಲ ದಿನವೇ ಮೂವತ್ತು ಸಲದ ಪ್ಯಾಕೇಜ್ ಮುಂದಿಟ್ಟು, ಈಗಿನ ಮಾತ್ರೆ ಎಲ್ಲ ಬಿಡಿ ಅನ್ನುವವರಿದ್ದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ಇನ್ನೊಂದು, ಅಳೆಯುವುದು ನೋವನ್ನಲ್ಲ, ಕೆಲಸವನ್ನು. ನೋವಿಗೆ ಹತ್ತಕ್ಕೆ ಎಷ್ಟು ಅಂತ ಕೇಳಿದರೆ ಮನಸ್ಸು ಆ ದಿನದ ಮಟ್ಟಕ್ಕೆ ಉತ್ತರ ಕೊಡುತ್ತದೆ. ಎಷ್ಟು ಹೊತ್ತು ಕೂತೆ, ಎಷ್ಟು ದೂರ ನಡೆದೆ, ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಇವು ಸುಳ್ಳು ಹೇಳುವುದಿಲ್ಲ. ಸೂಜಿಯಿಂದಲೋ ಟೂತ್‌ಪಿಕ್‌ನಿಂದಲೋ ಎರಡು ದಿನ ನೋವು ಸಡಿಲವಾದರೆ ಆ ಎರಡು ದಿನ ನಡೆಯಬೇಕು, ವ್ಯಾಯಾಮ ಮಾಡಬೇಕು. ಹಾಸಿಗೆ ಹಿಡಿದು ಆ ಆರಾಮವನ್ನು ಅನುಭವಿಸಿ ಮುಗಿಸಿದರೆ ಮುಂದಿನ ವಾರ ಮತ್ತೆ ಅದೇ ಮಂಚ.

ನನ್ನ ಕತ್ತು ನೋವಿಗೆ ನಾನು ಆರು ಸಲ ಅಂತ ಇಟ್ಟುಕೊಂಡಿದ್ದೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾ ಎರಡೇ ಸಾಲು: ರಾತ್ರಿ ಎಷ್ಟು ಸಲ ಎದ್ದೆ, ಕತ್ತು ಹೊರಳಿಸಿ ಹಿಂದೆ ನೋಡಲು ಆಯಿತಾ. ಮೂರನೇ ವಾರದ ಹೊತ್ತಿಗೆ ಏಳುವುದು ನಾಲ್ಕರಿಂದ ಒಂದಕ್ಕೆ ಬಂತು. ಕತ್ತು ಹೊರಳುವುದು ಮಾತ್ರ ಇದ್ದ ಹಾಗೇ ಇತ್ತು. ಆರನೇ ದಿನ ಚಿಕಿತ್ಸಕರಿಗೆ ನೋಟ್‌ಬುಕ್ ತೋರಿಸಿದೆ. 'ಇನ್ನೂ ಹತ್ತು ಸಲ ಮಾಡಿಸಿದರೆ ಅದೂ ಸರಿಹೋಗುತ್ತದೆ' ಅಂದರು. ನಾನು ಫಿಸಿಯೊಥೆರಪಿಸ್ಟ್ ಕೊಟ್ಟಿದ್ದ ವ್ಯಾಯಾಮದ ಹಾಳೆಯನ್ನು ಹುಡುಕಿ ತೆಗೆದೆ. ಮೂರು ತಿಂಗಳಿಂದ ಅದು ಮಡಿಕೆ ಕೂಡ ಬಿಚ್ಚದೆ ಫೈಲಿನಲ್ಲೇ ಇತ್ತು.